ಮೇಜಿನ ಮೇಲಣ ರೈಲುದಾರಿ

ಗೊರಗುಂಟೆಪಾಳ್ಯದವರಿಗೆ ರೈಲುಗಾಡಿಯು ಹೊಸತಲ್ಲ. ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ದಾರಿ ತೆರೆದದ್ದು 1884ರಲ್ಲಿ. ಯಶವಂತಪುರದ ಜಂಕ್ಷನ್ನು ನಮ್ಮ ನೆರೆಯಲ್ಲಿಯೇ ಇದೆ. 2014ನೆಯ ಮಾರ್ಚ್ 1ರಿಂದ ಮೆಟ್ರೋ ಗಾಡಿಗಳೂ ನಮ್ಮೂರಿನಲ್ಲಿ ನಿಲ್ಲುತ್ತಿವೆ. ಹೀಗಿರಲಾಗಿ, ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಎಂಟಡಿ ಉದ್ದದ ಹಲಗೆಯ ಮೇಲೆ ಆಟದ ರೈಲನ್ನು ಓಡಿಸುವದರಿಂದ ಹುಡುಗಿಯರಿಗೇನು ಪ್ರಯೋಜನವೆಂದು ಕೆಲವು ತಂದೆತಾಯಿಗಳು ನಮ್ಮನ್ನು ವಿಚಾರಿಸಿರುವದುಂಟು. ಪ್ರಶ್ನೆಯು ನ್ಯಾಯವಾದದ್ದು, ಉತ್ತರ ಹೇಳುವದು ನಮ್ಮ ಕರ್ತವ್ಯ.

ಈ ಗಾಡಿಗಳು ನಿಜವಾದ ಗಾಡಿಯ 87ರಲ್ಲಿ ಒಂದು ಪಾಲಿನಷ್ಟು ಇವೆ. ಹಳಿಗಳ ನಡುವಣ ಅಂತರ ಹದಿನಾರೂವರೆ ಮಿಲಿಮೀಟರು. ಇವನ್ನು ನಡೆಸುವದು ಮಕ್ಕಳ ಕೈಯಲ್ಲ, ಕಂಪ್ಯೂಟರು. ದಾರಿಯನ್ನು ವಿದ್ಯುತ್ತಿನ ಮಟ್ಟಿಗೆ ಬೇರೆಬೇರೆಯಾದ ತುಂಡುಗಳನ್ನಾಗಿ ವಿಭಾಗಿಸಿದೆ. ಎಂಜಿನ್ನು ಯಾವ ತುಂಡಿನಲ್ಲಿರುವದೋ ಅಲ್ಲಿ ವಿದ್ಯುತ್ತು ವ್ಯಯವಾಗುತ್ತದೆ. ಇದನ್ನು ಗುರುತಿಸುವ ಸಣ್ಣ ಸಾಧನವು ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ. ಪ್ರತಿ ಎಂಜಿನ್ನಿನ ಒಳಗೂ ಒಂದು ಚಿಪ್ ಇದ್ದು, ಅದಕ್ಕೆ ತನ್ನದೇ ಸಂಖ್ಯೆಯುಂಟು. ಅಪ್ಪಣೆಗಳು ಹಳಿಯ ಮೂಲಕವೇ ಎಲ್ಲ ಎಂಜಿನ್ನುಗಳಿಗೂ ತಲಪಿದರೂ, ತನ್ನ ಸಂಖ್ಯೆಯನ್ನು ಕೇಳಿದ್ದು ಮಾತ್ರ ವಿಧೇಯವಾಗುತ್ತದೆ.

ಇದು ಬರಿಯ ವಿನೋದವೆಂದು ಎಣಿಸಬಾರದು. ಅಮೆರಿಕದ ಎಂ.ಐ.ಟಿ. ವಿದ್ಯಾಪೀಠದಲ್ಲಿ 1946ರಲ್ಲಿ ಹುಟ್ಟಿದ ಮಾದರಿ ರೈಲು ಸಂಘದ ವಿದ್ಯಾರ್ಥಿಗಳು ಟೆಲಿಫೋನಿನ ರಿಲೇಗಳಿಂದ ತಮ್ಮ ಗಾಡಿಗಳನ್ನು ಆಳುತ್ತಿದ್ದರು. ಅವರಲ್ಲಿ ಹಲವರು ಮುಂದೆ ಕಂಪ್ಯೂಟರ್ ವಿದ್ಯೆಯಲ್ಲಿ ಪ್ರವೀಣರಾದರು. ನಮ್ಮ ನಗರದಲ್ಲಿಯೇ 2025ನೆಯ ಆಗಸ್ಟಿನಲ್ಲಿ ತೆರೆದ ಮೆಟ್ರೋ ಹಳದಿ ಮಾರ್ಗವು ಚಾಲಕರಿಲ್ಲದೆ ಗಾಡಿ ಓಡಿಸಬಲ್ಲ ಏರ್ಪಾಡಿನಿಂದ ಕಟ್ಟಲ್ಪಟ್ಟಿದೆ. ಇಂಥ ಏರ್ಪಾಡುಗಳನ್ನು ರಚಿಸುವವರಲ್ಲಿ ನಮ್ಮ ಹುಡುಗಿಯರೂ ಇರಬೇಕೆಂಬದು ನಮ್ಮ ಆಶೆ.

ಆದರೆ ಹೆಚ್ಚಿನ ಪಾಠವು ಒಂದು ಅಪಘಾತದಿಂದ ದೊರೆಯಿತು. ಒಂದು ದಿನ ನಿಲ್ದಾಣದಲ್ಲಿ ನಿಂತಿದ್ದ ಗಾಡಿಯ ಬೆನ್ನಿಗೆ ಇನ್ನೊಂದು ಗಾಡಿ ಬಂದು ಬಡಿಯಿತು. ಪರೀಕ್ಷಿಸಲಾಗಿ, ಸುದ್ದಿ ಒಯ್ಯುವ ತಂತಿಯು ಕಡಿದಿತ್ತು. ಸುದ್ದಿಯೇ ಬಾರದಿದ್ದದರಿಂದ ದಾರಿ ಖಾಲಿಯಾಗಿದೆಯೆಂದು ಕಂಪ್ಯೂಟರು ತಿಳಿದುಕೊಂಡಿತು. ಒಂಬತ್ತನೆಯ ತರಗತಿಯ ಹುಡುಗಿಯರು ಎರಡು ವಾರ ಆಲೋಚಿಸಿ ಕ್ರಮವನ್ನೇ ತಿರುಗಿಸಿದರು. ಈಗ ದಾರಿ ಖಾಲಿಯಿರುವಾಗ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿರಬೇಕು. ಗಾಡಿ ಬಂದರೂ ನಿಲ್ಲುತ್ತದೆ, ತಂತಿ ಕಡಿದರೂ ನಿಲ್ಲುತ್ತದೆ. ನಿಂತೊಡನೆ ಸಿಗ್ನಲ್ ಕೆಂಪಾಗುತ್ತದೆ.

ವಿಲಿಯಂ ರಾಬಿನ್ಸನ್ ಎಂಬವನು 1872ರಲ್ಲಿ ಅಮೆರಿಕದಲ್ಲಿ ನಿಜವಾದ ರೈಲಿಗೆ ಕಂಡುಹಿಡಿದದ್ದೂ ಇದೇ ತತ್ತ್ವವೆಂದು ಆಮೇಲೆ ಅವರಿಗೆ ತಿಳಿಸಿದೆವು. ಅವನ ಏರ್ಪಾಡಿನಲ್ಲಿ ಹಳಿಗಳ ಮೂಲಕ ಸದಾ ಹರಿಯುವ ವಿದ್ಯುತ್ತು ಒಂದು ರಿಲೇಯನ್ನು ಎತ್ತಿಹಿಡಿದಿರುತ್ತದೆ. ಗಾಡಿಯ ಚಕ್ರ ಅಚ್ಚುಗಳು ಆ ವಿದ್ಯುತ್ತನ್ನು ತಮ್ಮ ಮೂಲಕ ಹಾಯಿಸಿಕೊಂಡಾಗ ರಿಲೇ ಬೀಳುತ್ತದೆ. ಹಳಿ ತುಂಡಾದರೂ ಬ್ಯಾಟರಿ ಸತ್ತರೂ ಹಾಗೆಯೇ ಬೀಳುತ್ತದೆ. ಸುದ್ದಿಯಿಲ್ಲದ್ದನ್ನು ಕ್ಷೇಮವೆಂದು ಎಣಿಸದೆ ಅಪಾಯವೆಂದು ಎಣಿಸುವದೇ ಇದರ ಸಾರ.

ಮಕ್ಕಳು ಕಂಡುಕೊಂಡ ಈ ನಿಯಮವು ಹಿರಿಯರಾದ ನಮಗೂ ಬೇಕಾದದ್ದು. ಗದ್ದಲ ಮಾಡುವ ಹುಡುಗಿಯ ಕಷ್ಟವು ಬೇಗ ಗೊತ್ತಾಗುತ್ತದೆ. ನಗುತ್ತಿದ್ದವಳು ಸುಮ್ಮನಾದರೆ, ಊಟದ ಡಬ್ಬಿಯನ್ನು ತೆರೆಯದೆ ಹಿಂದಕ್ಕೆ ಒಯ್ದರೆ, ಮೂರು ದಿನ ಕಾರಣ ತಿಳಿಸದೆ ಬಾರದಿದ್ದರೆ, ಯಾರೂ ದೂರು ಹೇಳಿಲ್ಲವೆಂದು ದಾರಿ ಸುಗಮವಾಗಿದೆಯೆಂದು ಎಣಿಸಬಹುದೇ? ಮನೆಯಲ್ಲಿ ತೊಂದರೆಯೋ, ದಾರಿಯಲ್ಲಿ ಯಾರ ಕಾಟವೋ, ಗುಟ್ಟಾಗಿ ನಡೆಯುತ್ತಿರುವ ಮದುವೆಯ ಮಾತೋ ಇದ್ದೀತು. ಆದಕಾರಣ ನಮ್ಮ ಶಾಲೆಯಲ್ಲಿ ಕಾರಣ ತಿಳಿಸದೆ ಬಾರದವಳ ಮನೆಗೆ ಅದೇ ದಿನ ಹತ್ತು ಗಂಟೆಯೊಳಗೆ ಫೋನು ಮಾಡುತ್ತೇವೆ. ಉತ್ತರ ಬಾರದಿದ್ದರೆ ಒಬ್ಬ ಉಪಾಧ್ಯಾಯಿನಿ ಹೋಗಿ ನೋಡಿ ಬರುತ್ತಾರೆ.

ತಂದೆತಾಯಿಗಳೇ, ಆ ಕರೆ ಬಂದಾಗ ಅದನ್ನು ಸಂದೇಹವೆಂದು ತಿಳಿಯದೆ ಕಾವಲೆಂದು ತಿಳಿಯಿರಿ. ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನಿಮ್ಮ ಸಂಗಡ ಕಲಿತವರಲ್ಲಿ ಬಹುಕಾಲದಿಂದ ಸುದ್ದಿಯಿಲ್ಲದವರು ಒಬ್ಬರಾದರೂ ಇರುವರು. ಈ ಸಂಚಿಕೆಯನ್ನು ಮಡಿಸಿಡುವ ಮುಂಚೆ ಅವರನ್ನು ವಿಚಾರಿಸಿರಿ. ದೇವರು ನಿಮ್ಮೆಲ್ಲರನ್ನೂ ಕಾಪಾಡಲಿ.