ನಾಗಿನ್‌ಗೆ ಸಿಕ್ಕಿದ ಕಣ್ಣೀರು

ನಮ್ಮ ಅಮ್ಮಿ ಕೋಳಿ ಕೊಯ್ಯುವುದನ್ನೂ ನಿಂತು ನೋಡಿದವರಲ್ಲ. ಅಂಥ ಅಮ್ಮಿ ಒಬ್ಬ ಕೊಲೆಗಾತಿಗಾಗಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾವು ಮಕ್ಕಳು ಕಂಡಿದ್ದೇವೆ. ಆ ಕೊಲೆಗಾತಿಯ ಹೆಸರು ಶಿವನ್ಯಾ.

ಏಕ್ತಾ ಕಪೂರ್ ನಿರ್ಮಾಣದ 'ನಾಗಿನ್' ಧಾರಾವಾಹಿ ಕಲರ್ಸ್ ವಾಹಿನಿಯಲ್ಲಿ ಆರಂಭವಾದದ್ದು 2015ರ ನವೆಂಬರ್ 1ರಂದು. ಶನಿವಾರ, ಭಾನುವಾರ ರಾತ್ರಿ ಎಂಟಕ್ಕೆ ಬರುತ್ತಿತ್ತು. ಇಶಾ ನಮಾಝ್ ಮುಗಿಸಿ ಅಮ್ಮಿ ಟಿವಿಯ ಮುಂದೆ ಕೂತರೆ ಅಡುಗೆಮನೆಯ ಕೆಲಸವೆಲ್ಲ ಒಂದು ಗಂಟೆ ಮುಂದಕ್ಕೆ ಹೋಗುತ್ತಿತ್ತು. ಮರುವರ್ಷ ಝೀ ಕನ್ನಡದಲ್ಲಿ 'ನಾಗಿಣಿ' ಶುರುವಾಯಿತು. ಇಲ್ಲಿ ಅಮ್ಮಿ ಮೌನಿ ರಾಯ್‌ಳ ಶಿವನ್ಯಾಳಿಗಾಗಿ ಮರುಗಿದರೆ ಪಕ್ಕದ ಮನೆಯಲ್ಲಿ ದೀಪಿಕಾ ದಾಸ್‌ಳ ಅಮೃತಾಳಿಗಾಗಿ ಮರುಗುವವರಿದ್ದರು.

ಕಥೆ ಬಹುತೇಕ ಎಲ್ಲರಿಗೂ ಗೊತ್ತು. ಶಿವನ್ಯಾ ಬೇಕಾದ ರೂಪ ತಾಳಬಲ್ಲ ಹಾವು. ನಾಗಮಣಿಯ ಆಸೆಗೆ ಅವಳ ತಂದೆ ತಾಯಿಯನ್ನು ಕೊಂದವರ ಮೇಲೆ ಸೇಡು ತೀರಿಸಲು ಒಂದು ಮನೆಯೊಳಗೆ ಸೇರುತ್ತಾಳೆ, ಆ ಮನೆಯ ಮಗ ರಿತಿಕ್‌ನ ಹೆಂಡತಿಯಾಗುತ್ತಾಳೆ. ಕೊನೆಗೆ ಅವನನ್ನೇ ಪ್ರೀತಿಸತೊಡಗುತ್ತಾಳೆ. ಒಂದು ಕೈಯಲ್ಲಿ ವಿಷ, ಇನ್ನೊಂದರಲ್ಲಿ ಸಂಸಾರ.

ನಾವು ಅಮ್ಮಿಯನ್ನು ಕೆಣಕುತ್ತಿದ್ದೆವು: "ಅಮ್ಮಿ, ಇವಳು ಕೊಲೆ ಮಾಡಿದವಳು. ನೀವು ಅಳುತ್ತಿದ್ದೀರಿ!"

"ಕೊಂದದ್ದು ಮಾತ್ರ ನಿಮಗೆ ಕಾಣುತ್ತದೆ. ಅವಳಿಗೆ ಏನಾಯಿತು ಅಂತ ಕಾಣುವುದಿಲ್ಲವಾ?" ಎಂದು ಅಮ್ಮಿ ಗದರುತ್ತಿದ್ದರು.

ಆಗ ನಕ್ಕೆವು. ಆಮೇಲೆ ಯೋಚಿಸಿದಾಗ ಅಮ್ಮಿಯ ಮಾತಿನಲ್ಲೇ ಉತ್ತರವಿದೆ ಅನಿಸಿತು. ಧಾರಾವಾಹಿ ಮೊದಲು ಗಾಯವನ್ನು ತೋರಿಸುತ್ತದೆ, ಅಪರಾಧವನ್ನು ಆಮೇಲೆ ತೋರಿಸುತ್ತದೆ. ಯಾರೂ ಇಲ್ಲದಾಗ ಅವಳು ಹೇಗೆ ಅಳುತ್ತಾಳೆ ಎಂಬುದು ಆ ಮನೆಯವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅತ್ತೆಯ ಮನೆಯಲ್ಲಿ ನಿಜವಾದ ಮುಖವನ್ನು ಮುಚ್ಚಿಟ್ಟು ಬದುಕುವ ಸೊಸೆಯ ಕಷ್ಟ ತಿಳಿಯಲು ಹೆಂಗಸರು ಹಾವಾಗಿ ಹುಟ್ಟಬೇಕಿಲ್ಲ. ವಾರಕ್ಕೆರಡು ರಾತ್ರಿಯಂತೆ ಏಳು ತಿಂಗಳು ಜೊತೆಗಿದ್ದವಳು ಪರಕೀಯಳಾಗಿ ಉಳಿಯುವುದಾದರೂ ಹೇಗೆ?

ಇದರಲ್ಲಿ ಒಂದು ಮೋಸವೂ ಇದೆ. ಅವಳ ಕೈಯಲ್ಲಿ ಸಾಯುವವರನ್ನು ಕಥೆಗಾರ ಎಷ್ಟು ಕೆಟ್ಟವರನ್ನಾಗಿ ಚಿತ್ರಿಸುತ್ತಾನೆಂದರೆ ಅವರಿಗಾಗಿ ಅಳುವ ಪ್ರಮೇಯವೇ ಬರುವುದಿಲ್ಲ. ಹಾವಿನ ಕಥೆಯಲ್ಲಿ ಪೊಲೀಸು, ನ್ಯಾಯಾಲಯಗಳ ಗೊಡವೆಯೂ ಕಡಿಮೆ. ಹೀಗೆ ನೊಂದವಳ ಮೇಲಿನ ಕನಿಕರ ನಮಗೆ ಅರಿವಿಲ್ಲದೆಯೇ ಸೇಡಿನ ಮೇಲಿನ ಮೆಚ್ಚುಗೆಯಾಗಿಬಿಡುತ್ತದೆ. ಅರ್ಥ ಮಾಡಿಕೊಳ್ಳುವುದು ಬೇರೆ, ಸರಿ ಎನ್ನುವುದು ಬೇರೆ.

ಇಚ್ಛಾಧಾರಿ ಹಾವನ್ನು ನಾವು ನಂಬುವವರಲ್ಲ, ಅದು ಬರೀ ಕಥೆ. ಆದರೆ ಕಣ್ಣಿಗೆ ಕಾಣದ ಜೀವಿಗಳೆಲ್ಲ ಕೆಟ್ಟವೆಂದು ನಮ್ಮ ಧರ್ಮವೂ ಹೇಳಿಲ್ಲ. ತಮ್ಮಲ್ಲಿ ಸಜ್ಜನರೂ ಇದ್ದಾರೆ, ಅಲ್ಲದವರೂ ಇದ್ದಾರೆ ಎಂದು ಜಿನ್ನ್‌ಗಳೇ ಹೇಳಿಕೊಳ್ಳುವುದನ್ನು ಕುರ್‌ಆನಿನ 72ನೇ ಅಧ್ಯಾಯದಲ್ಲಿ ನಾವು ಓದುತ್ತೇವೆ. ಜಿನ್ನ್‌ಗಳ ವಿಷಯದಲ್ಲೇ ಹೀಗಿರುವಾಗ ಮನುಷ್ಯರನ್ನು ಒಂದೇ ಏಟಿಗೆ ಒಳ್ಳೆಯವರು, ಕೆಟ್ಟವರು ಎಂದು ವಿಂಗಡಿಸಿಬಿಡುವ ಅವಸರ ನಮಗೇಕೆ?

ನಮ್ಮ ಮನೆಯಲ್ಲಿ ಅಂಥ ಅವಸರ ನಡೆದಿತ್ತು. ನಮ್ಮ ಚಾಚಾ, ಅಂದರೆ ಅಬ್ಬಾರ ತಮ್ಮ, ಹಿರಿಯರ ಮನೆಯ ವಿಷಯದಲ್ಲಿ ಅಬ್ಬಾರಿಗೆ ಮೋಸ ಮಾಡಿದ್ದರು. ನಂಬಿ ಸಹಿ ಹಾಕಿದ ಅಬ್ಬಾರಿಗೆ ಅವರ ಪಾಲು ಸಿಗಲೇ ಇಲ್ಲ. ಅಬ್ಬಾ ಅದೇ ಕೊರಗಿನಲ್ಲಿ ತೀರಿಕೊಂಡರು. ಹನ್ನೊಂದು ವರ್ಷ ಚಾಚಾ ನಮ್ಮ ಹೊಸ್ತಿಲು ತುಳಿಯಲಿಲ್ಲ. ತುಳಿಯಲು ಅಮ್ಮಿ ಬಿಡಲೂ ಇಲ್ಲ. ಆ ಹಣ ಅವರ ಮಗನ ಚಿಕಿತ್ಸೆಗೆ ಹೋಯಿತು, ಆ ಮಗನೂ ಉಳಿಯಲಿಲ್ಲ ಎಂದು ಬಂಧುಗಳು ಹೇಳಿದಾಗ ನಾವೂ ಕಿವಿಗೊಡಲಿಲ್ಲ. ಶಿವನ್ಯಾಳ ಕಥೆಯನ್ನು ಏಳು ತಿಂಗಳು ನೋಡಿದ ನಾವು ಚಾಚಾರ ಕಥೆಯಲ್ಲಿ ನೋಡಿದ್ದು ಒಂದೇ ಕಂತು. ಅದರ ಹಿಂದಿನದೂ ಬೇಡವಾಗಿತ್ತು, ಮುಂದಿನದೂ ಬೇಡವಾಗಿತ್ತು.

ಇಲ್ಲಿ ವಹ್ಶಿಯವರು(ರ) ನೆನಪಾಗುತ್ತಾರೆ. ಅವರು ಗುಲಾಮರಾಗಿದ್ದರು. ಹಂಝಾರನ್ನು(ರ) ಕೊಂದರೆ ಬಿಡುಗಡೆ ಎಂಬ ಮಾತಿಗೆ ಉಹುದ್‌ನಲ್ಲಿ ಭರ್ಜಿ ಎಸೆದರು. ಪ್ರವಾದಿಯವರ(ಸ) ಪ್ರೀತಿಯ ಚಿಕ್ಕಪ್ಪ ಮಣ್ಣಾದರು. ವರ್ಷಗಳ ನಂತರ ಅದೇ ವಹ್ಶಿ ಇಸ್ಲಾಮ್ ಸ್ವೀಕರಿಸಲು ಬಂದಾಗ ಪ್ರವಾದಿಯವರು(ಸ) ಅವರನ್ನು ತಿರಸ್ಕರಿಸಲಿಲ್ಲ. ಆದರೆ ತನ್ನ ಕಣ್ಣಿಗೆ ಬೀಳದಂತೆ ಇರಲಾಗುವುದೇ ಎಂದು ಕೇಳಿಕೊಂಡರು. ಮುಂದೆ ಯಮಾಮ ಯುದ್ಧದಲ್ಲಿ ಸುಳ್ಳು ಪ್ರವಾದಿ ಮುಸೈಲಿಮನ ಮೇಲೆ ವಹ್ಶಿಯವರು(ರ) ಎಸೆದದ್ದು ಅದೇ ಭರ್ಜಿಯನ್ನು. ಈ ಘಟನೆಯಲ್ಲಿ ನಮ್ಮನ್ನು ತಟ್ಟುವುದು ಕ್ಷಮೆ ಮಾತ್ರವಲ್ಲ. ಕ್ಷಮಿಸಿದ ಮೇಲೂ ನೋವಿಗೆ ಒಂದಿಷ್ಟು ಜಾಗ ಉಳಿಯಿತು. ಮರೆತರೆ ಮಾತ್ರ ಕ್ಷಮೆ ಎಂದು ನಾವು ತಿಳಿದಿದ್ದೆವು, ಮರೆಯಲಾರದ್ದರಿಂದ ಕ್ಷಮಿಸಲೂ ಹೋಗಿರಲಿಲ್ಲ.

'ನಾಗಿನ್'ನ ಮೊದಲ ಭಾಗ 2016ರ ಜೂನ್‌ನಲ್ಲಿ ಮುಗಿಯಿತು. ಜುಲೈಯಲ್ಲಿ ಈದ್ ಬಂತು. ಅಂದು ಅಸರ್ ನಮಾಝಿನ ನಂತರ ಬಾಗಿಲಲ್ಲಿ ಚಾಚಾ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾವು ಅಮ್ಮಿಯ ಮುಖ ನೋಡಿದೆವು. ಅಮ್ಮಿ ಏನೂ ಹೇಳದೆ ಒಳಗೆ ಹೋದರು. ನಾವೇ ಚಾಚಾರನ್ನು ಕರೆದು ಕೂರಿಸಿದೆವು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕರೆ ಬಂತು. ಅಮ್ಮಿ ಶೀರ್ ಖುರ್ಮಾದ ಬಟ್ಟಲನ್ನು ನಮ್ಮ ಕೈಗಿಟ್ಟರು.

"ನೀವೇ ಕೊಡಿ. ನಾನು ಬರುವುದಿಲ್ಲ," ಎಂದರು. ಬಾಗಿಲವರೆಗೆ ಬಂದ ನಮ್ಮನ್ನು ಮತ್ತೆ ಕರೆದು ಬಟ್ಟಲು ಬದಲಿಸಿದರು. "ಇದು ದೊಡ್ಡದಾಯಿತು. ಅವರಿಗೆ ಸಕ್ಕರೆ ಕಾಯಿಲೆ ಇದೆಯಂತೆ."

ಹನ್ನೊಂದು ವರ್ಷ ಅವರ ಹೆಸರೆತ್ತದ ಅಮ್ಮಿಗೆ ಅದು ಹೇಗೆ ಗೊತ್ತಿತ್ತೋ, ನಾವು ಕೇಳಲಿಲ್ಲ.