ಬಿಡುವು ಬೇರೆ, ಬಿಡುವುದು ಬೇರೆ

ಕನ್ನಡ ಶಾಲೆಯ ಪಾಲಕ ಬಂಧುಗಳೇ, ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಬೇಕೆ ಎಂಬುದರ ಕುರಿತು ನಾವು ಬಹಳ ಚರ್ಚಿಸುತ್ತೇವೆ. ಅದೇ ಮಗು ಮುಂದೆ ಮಹಾವಿದ್ಯಾಲಯದ ನಡುದಾರಿಯಲ್ಲಿ ದಣಿದು ನಿಂತರೆ ಏನು ಮಾಡಬೇಕೆಂಬ ಮಾತು ಬರುವುದು ಕಡಿಮೆ. ಹಾಗೆ ಒಂದು ವರ್ಷ ನಿಂತು ಮತ್ತೆ ನಡೆದವಳಾಗಿ ಇದನ್ನು ಬರೆಯುತ್ತಿದ್ದೇನೆ.

ಮಿರಜ ತಾಲ್ಲೂಕಿನ ನಮ್ಮ ಬೇಡಗದಲ್ಲಿ ನಾನು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣ ಒದಗಿಸಲು ಹೇಳುತ್ತದೆ. ಆದರೆ ಅದರ ಮಾತು ಪ್ರಾಥಮಿಕ ಹಂತದ್ದು. ಆಮೇಲಿನ ಏಣಿಯನ್ನು ಮಗುವೇ ಕಟ್ಟಿಕೊಳ್ಳಬೇಕು. ಪಾಠ ಇಂಗ್ಲಿಷಿನಲ್ಲಿ, ಗೆಳತಿಯರ ವಿವರಣೆ ಮರಾಠಿಯಲ್ಲಿ, ನನ್ನ ಯೋಚನೆ ಕನ್ನಡದಲ್ಲಿ. ಎರಡನೆಯ ವರ್ಷದ ಕೊನೆಗೆ ನಿದ್ದೆ ಕೆಟ್ಟಿತು. ಓದಿದ ಪುಟ ಮನಸ್ಸಿನಲ್ಲಿ ನಿಲ್ಲದಾಯಿತು. ಅಂಕಗಳು ಇಳಿಯದ ಕಾರಣ ಯಾರಿಗೂ ಇದು ಕಾಣಲಿಲ್ಲ.

ಹೇಳಿದಾಗ ಅಪ್ಪ ಕೇಳಿದ್ದು ಎರಡೇ ಪ್ರಶ್ನೆ: “ಎಷ್ಟ ದಿನಾ ಬೇಕವ್ವಾ? ಹೊಳ್ಳಿ ಹೋದ್ರ ತಗೋತಾರೇನು?”

ಆ ಎರಡು ಪ್ರಶ್ನೆಗಳಲ್ಲೇ ಎಲ್ಲವೂ ಇದೆ. ಬಿಡುವು, ಬಿಡುವುದು ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ಮರಳುವ ದಿನ ಗೊತ್ತಿಲ್ಲದಿದ್ದರೆ ಮೊದಲನೆಯದು ಎರಡನೆಯದಾಗುತ್ತದೆ. ನಮ್ಮಲ್ಲಿ ಮಗಳು ಮನೆಯಲ್ಲಿ ಕುಳಿತಳೆಂದರೆ ವರನ ಸುದ್ದಿ ಬರುತ್ತದೆ. ಮಗ ಕುಳಿತನೆಂದರೆ ದುಡಿಮೆ ಕರೆಯುತ್ತದೆ. ನನಗೂ ಸಂಬಂಧಗಳು ಬಂದವು. “ಜೂನಕ್ಕ ಅಕೀ ಕಾಲೇಜ ಐತಿ” ಎಂದು ಅಪ್ಪ ಪ್ರತಿಯೊಬ್ಬರಿಗೂ ಹೇಳಿ ಕಳಿಸಿದರು.

ಮೊದಲ ಎರಡು ತಿಂಗಳು ನಾನು ಏನನ್ನೂ ಮಾಡಲಿಲ್ಲ, ಅದೇ ಅಗತ್ಯವಾಗಿತ್ತು. ಮಾಘದಲ್ಲಿ ಅರಿಸಿನ ಅಗೆಯುವಾಗ, ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದ ‘ರೈಝೋಮ್’ ಇದೇ, ಇದು ಬೇರಲ್ಲ, ಮಣ್ಣಿನೊಳಗಿನ ಕಾಂಡ ಎಂದು ಅಪ್ಪನಿಗೆ ಕನ್ನಡದಲ್ಲಿ ವಿವರಿಸಿದೆ. ಎರಡು ವರ್ಷ ಹೊತ್ತುಕೊಂಡಿದ್ದ ಪದ ಅಂದು ನನ್ನದಾಯಿತು. ಜೂನಿನಲ್ಲಿ ಮರಳಿದಾಗ ಪಾಠಗಳು ಸುಲಭವಾಗಿರಲಿಲ್ಲ. ಹೊರುವ ಶಕ್ತಿ ನನ್ನಲ್ಲಿತ್ತು.

ತಮ್ಮ ಮಕ್ಕಳೂ ಹೀಗೆ ಕೇಳಿದರೆ ಮರಳುವ ತಿಂಗಳನ್ನು ಮೊದಲೇ ನಿಶ್ಚಯಿಸಿರಿ. ಮರುಪ್ರವೇಶ, ವಿದ್ಯಾರ್ಥಿವೇತನ, ಗ್ಯಾಪ್ ಪ್ರಮಾಣಪತ್ರಗಳ ವಿಷಯವನ್ನು ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಡುವೆ ನಿರ್ಗಮಿಸಿ ಮರಳುವುದನ್ನು ಒಪ್ಪುತ್ತದೆ: ಒಂದು ವರ್ಷಕ್ಕೆ ಪ್ರಮಾಣಪತ್ರ, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ. ಯುಜಿಸಿಯ 2021ರ ಕ್ರೆಡಿಟ್ ಬ್ಯಾಂಕ್ ನಿಯಮದಂತೆ ಗಳಿಸಿದ ಕ್ರೆಡಿಟ್‌ಗಳು ಗರಿಷ್ಠ 7 ವರ್ಷ ಉಳಿಯುತ್ತವೆ. ತಮ್ಮ ಮಹಾವಿದ್ಯಾಲಯದಲ್ಲಿ ಇದು ಜಾರಿಯಲ್ಲಿದೆಯೇ ಎಂದು ಕೇಳಿರಿ. ದಣಿವು ಹತಾಶೆಯಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಟೆಲಿ-ಮಾನಸ್‌ನ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಕನ್ನಡ ಶಾಲೆಯಲ್ಲಿ ಓದಿದ್ದರಿಂದಲೇ ಮಗು ದಣಿಯಿತು ಎಂದು ನೆರೆಯವರು ಹೇಳಿಯಾರು. ಮೂರು ಭಾಷೆಗಳನ್ನು ದಾಟಿದ ಮಗುವಿಗೆ ಉಸಿರಾಡಲು ಒಂದು ನುಡಿ ಬೇಕು. ಅದು ತಮ್ಮ ಮನೆಯಲ್ಲಿದೆ. ತಾವೇ ಮೊದಲು ಅದರಲ್ಲಿ ವಿಚಾರಿಸಿರಿ.