ಜೀವಾಳ

ಧನುರ್ಮಾಸದ ಒಂದು ಬೆಳಿಗ್ಗೆ. ಒಂದು ಕಾಲಕ್ಕೆ ಪಾಪನಾಶಂ ಶಿವನ್ ಮುಂದೆ ನಿಂತು ಹಾಡಿಸುತ್ತಿದ್ದ ಮಾರ್ಗಳಿ ಭಜನೆ ಕಪಾಲೀಶ್ವರನ ಗುಡಿಯ ಮಾಡ ಬೀದಿಗಳನ್ನು ಸುತ್ತಿ ನಮ್ಮ ಓಣಿಯ ಬಾಯಿ ದಾಟಿ ಹೋಗಿತ್ತು. ತಾಳದ ಸದ್ದು ಇನ್ನೂ ದೂರದಿಂದ ಕೇಳುತ್ತಿರುವಾಗಲೇ ಮೇಲಿನ ಮನೆಯ ಸಂಗೀತದ ಮೇಡಂ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಟ್ಯಾಬ್. ಅವರು ನಂಜನಗೂಡಿನ ಕಡೆಯವರು, ಮದುವೆಯಾಗಿ ಮೈಲಾಪೂರಿಗೆ ಬಂದು ನಲವತ್ತು ವರ್ಷವಾಗಿದೆ. ಕನ್ನಡ ಮಾತ್ರ ಕಪಿಲೆಯ ದಂಡೆಯಲ್ಲಿ ಬಿಟ್ಟುಬಂದ ಹಾಗೇ ಇದೆ.

"ಇದಕ್ಕೆ ದೂರದ್ದು ಕೇಳಿಸೋದೇ ಇಲ್ಲ ನೋಡಿ. ರೂಟರ್ ಪಕ್ಕ ಕೂತ್ರೆ ಚೆನ್ನಾಗಿರುತ್ತೆ. ಎದ್ದು ಹಿಂದಿನ ಕೋಣೆಗೆ ಹೋದ್ರೆ ಕಿವುಡು" ಅಂದರು.

ನನಗೆ ಎಷ್ಟು ಸಂತೋಷವಾಯಿತೆಂದರೆ, ಅವರನ್ನು ಕೂರಿಸಿ ಕಾಫಿ ಕೊಡುವುದನ್ನೂ ಮರೆತೆ. "ವೈಫೈ ಬರ್ತಿಲ್ಲ" ಎಂದು ಹೇಳುವವರು ಬಹಳ ಜನ. ಹೇಗೆ ಬರುತ್ತಿಲ್ಲ ಎಂದು ಹೇಳುವವರು ಅಪರೂಪ. ಶ್ರುತಿ ಹೇಗೆ ತಪ್ಪಿದೆ ಎಂದು ಕೇಳಿ ಕೇಳಿ ಪಳಗಿದ ಕಿವಿ ಅವರದ್ದು. ಅರ್ಧ ರೋಗನಿರ್ಣಯವನ್ನು ಅವರೇ ಮಾಡಿ ತಂದಿದ್ದರು.

ಈ ಕೆಲಸದಲ್ಲಿ ನನಗೆ ತುಂಬ ಹಿಡಿಸುವ ಭಾಗವೇ ಇದು, ಸ್ಕ್ರೂಡ್ರೈವರ್ ಇನ್ನೂ ಡಬ್ಬಿಯಲ್ಲೇ ಇರುವ ಹೊತ್ತು. ಟ್ಯಾಬಿನ ವೈಫೈ ಒಂದೊಂದು ಕಡೆ ಕೆಟ್ಟಾಗ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ವೈಫೈ ಗುಂಡಿ ಬೂದುಬಣ್ಣಕ್ಕೆ ತಿರುಗಿ ಒತ್ತಿದರೂ ಮೇಲೇಳದಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ವೈಫೈ ವಿಳಾಸದ ಜಾಗದಲ್ಲಿ 'ಲಭ್ಯವಿಲ್ಲ' ಎಂದೋ 02ರ ಮುಂದೆ ಬರೀ ಸೊನ್ನೆಗಳೋ ಕಂಡರೆ, ಪ್ರೊಸೆಸರಿಗೂ ವೈಫೈ ಚಿಪ್ಪಿಗೂ ಮಾತೇ ನಿಂತಿದೆ ಎಂದು ಅರ್ಥ. ಚಿಪ್ಪಿಗೆ ವಿದ್ಯುತ್ ಸಿಗುತ್ತಿಲ್ಲ, ಇಲ್ಲವೇ ಅದರ ಅಡಿಯ ಬೆಸುಗೆ ಬಿಟ್ಟಿದೆ. ಬೆಳಿಗ್ಗೆ ಚೆನ್ನಾಗಿದ್ದು ಅರ್ಧ ಗಂಟೆ ಸಿನಿಮಾ ನೋಡಿದ ಮೇಲೆ ಸಾಯುವುದಾದರೆ, ಕಾದಾಗ ಬಾಯಿ ಬಿಡುವ ಬಿರುಕೊಂದು ಎಲ್ಲೋ ಇದೆ. ಹತ್ತಿರದಲ್ಲಿ ಕೇಳಿ ದೂರದಲ್ಲಿ ಕೇಳದಿದ್ದರೆ ಚಿಪ್ಪು ಆರೋಗ್ಯವಾಗಿರುವ ಸಂಭವ ಹೆಚ್ಚು, ತೊಂದರೆ ಆಂಟೆನಾದ ದಾರಿಯಲ್ಲಿ. ಇನ್ನೊಂದು ಪ್ರಶ್ನೆ ಕೇಳಿದೆ: "ಬ್ಲೂಟೂತ್ ಇಯರ್‌ಫೋನ್ ಹೇಗಿದೆ?" ಅದೂ ನಾಲ್ಕು ಹೆಜ್ಜೆ ಆಚೆ ಹೋದರೆ ತುಂಡಾಗುತ್ತದಂತೆ. ಇಂಥ ಹಳೆಯ ಟ್ಯಾಬುಗಳಲ್ಲಿ ವೈಫೈ, ಬ್ಲೂಟೂತ್ ಎರಡಕ್ಕೂ ಒಂದೇ ಚಿಪ್ಪು, ಒಂದೇ ಆಂಟೆನಾ. ಎರಡೂ ಒಂದೇ ರೀತಿ ಸೊರಗಿದ್ದರೆ ಎರಡೂ ಕೂಡಿ ನಡೆಯುವ ದಾರಿಯಲ್ಲೇ ಕಲ್ಲು ಬಿದ್ದಿದೆ.

ಅನುಮಾನವನ್ನು ಅಂಕಿಗೆ ತಂದು ನೋಡಿದರೆ ಮನಸ್ಸಿಗೆ ನೆಮ್ಮದಿ. ಸಿಗ್ನಲ್ ಅಳೆಯುವ ಆಪ್ ಒಂದನ್ನು ಅವರ ಟ್ಯಾಬಿಗೂ ನನ್ನ ಟ್ಯಾಬಿಗೂ ಹಾಕಿ, ಎರಡನ್ನೂ ನಮ್ಮ ಊಟದ ಮೇಜಿನ ಮೇಲೆ ಒಂದೇ ಜಾಗದಲ್ಲಿ ಒಂದರ ನಂತರ ಒಂದಾಗಿ ಇಟ್ಟೆ. ನನ್ನದು ಮೈನಸ್ 48 ಡಿಬಿಎಂ ತೋರಿಸಿತು, ಅವರದ್ದು ಮೈನಸ್ 78. ಈ ಅಳತೆಯಲ್ಲಿ ಪ್ರತಿ 10ಕ್ಕೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 30 ಅಂದರೆ ಸಾವಿರದಲ್ಲಿ ಒಂದು ಪಾಲು. ಸಾವಿರದಲ್ಲಿ ಒಂದು ಪಾಲು ಕಿವಿ ಇಟ್ಟುಕೊಂಡು ಆ ಬಡಪಾಯಿ ಯಂತ್ರ ಇಷ್ಟು ದಿನ ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಸರಳೆ, ಜಂಟಿ ವರಸೆ ಮುಟ್ಟಿಸುತ್ತಿತ್ತು. ಇಲ್ಲಿ ಬೆಳಿಗ್ಗೆ ಏಳಾದರೆ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಮಕ್ಕಳು ಶಾಲೆಯಿಂದ ಬಂದು ಕೈಕಾಲು ತೊಳೆದು ಕೂರುವ ಹೊತ್ತು. ಪಾಠ ತಪ್ಪಿಸುವ ಹಾಗಿರಲಿಲ್ಲ.

ಆಂಟೆನಾ ಎಂದರೆ ನನ್ನ ಕಣ್ಣಮುಂದೆ ಮೊದಲು ಬರುವುದು ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಎರಡು ಬಿದಿರುಗಳ ನಡುವೆ ಅಪ್ಪ ಕಟ್ಟಿದ್ದ ತಂತಿ. ರೇಡಿಯೊ ಇಟ್ಟುಕೊಳ್ಳಲೂ ಆಗ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರುತ್ತಿದ್ದೆವು. ನಮ್ಮ ಊರಲ್ಲೇ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ್ದರು. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ನಿಲಯದ್ದು. ನಾನೀಗ ಇರುವ ಈ ಊರು ಅದಕ್ಕೂ ಹನ್ನೊಂದು ವರ್ಷ ಮುಂದು. 1924ರಲ್ಲೇ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಇಲ್ಲಿ ಗಾಳಿಯಲ್ಲಿ ಹಾಡು ತೇಲಿಸಿತ್ತು. ದುಡ್ಡಿಲ್ಲದೆ 1927ರಲ್ಲಿ ಕ್ಲಬ್ ನಿಂತಾಗ ಅದರ ಯಂತ್ರಗಳನ್ನು ನಗರಸಭೆ ತೆಗೆದುಕೊಂಡು 1930ರಿಂದ ಮತ್ತೆ ಹಾಡಿಸಿತು. ಈಗಿನ ಆಕಾಶವಾಣಿ ಕಟ್ಟಡ ಇಲ್ಲೇ ಹತ್ತಿರ, ಕಾಮರಾಜರ್ ಸಾಲೈಯಲ್ಲಿ ಕಡಲಿಗೆ ಮುಖ ಮಾಡಿ ನಿಂತಿದೆ. ಸಂಜೆಯ ನಡಿಗೆಯಲ್ಲಿ ಅದನ್ನು ದಾಟುವಾಗಲೆಲ್ಲ ಎರಡು ಊರುಗಳೂ ನನ್ನೊಳಗೆ ಒಟ್ಟಿಗೆ ಮಾತಾಡುತ್ತವೆ. ವೈಫೈ ಓಡಾಡುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ನಮ್ಮ ಸರ್ಕಾರ ಲೈಸೆನ್ಸಿನಿಂದ ಬಿಡಿಸಿದ್ದು 2005ರಲ್ಲಿ. ಅಪ್ಪನಿಗೆ ಅದನ್ನು ಹೇಳಬೇಕಿತ್ತು ಅನಿಸುತ್ತದೆ.

ಅಪ್ಪನ ತಂತಿ ಮೂವತ್ತು ಅಡಿ. ಟ್ಯಾಬಿನೊಳಗಿನದು ಮೂರು ಸೆಂಟಿಮೀಟರ್. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಅದರ ಕಾಲು ಭಾಗದಷ್ಟು ತಾಮ್ರವಿದ್ದರೆ ಅಲೆಗೆ ಕಾಲೂರಲು ಜಾಗವಾಯಿತು. ಈ ತಾಮ್ರದ ಪಟ್ಟಿ ಟ್ಯಾಬಿನ ಅಂಚಿನಲ್ಲಿ, ಪ್ಲಾಸ್ಟಿಕ್ಕಿನ ಮರೆಯಲ್ಲಿ ಇರುತ್ತದೆ. ಲೋಹ ಹತ್ತಿರ ಬಂದರೆ ಅದರ ಶ್ರುತಿ ಕೆಡುತ್ತದೆ. ಹೋದ ವರ್ಷ ಕಚೇರಿ ರಸ್ತೆಯ ಕಡೆಯಿಂದ ಒಬ್ಬರು ತಂದ ಟ್ಯಾಬಿನಲ್ಲಿ ಒಳಗೆ ಏನೂ ಕೆಟ್ಟಿರಲಿಲ್ಲ. ಹಿಂಬದಿಯಲ್ಲಿ, ಆಂಟೆನಾ ಇರುವ ಮೂಲೆಯ ಮೇಲೆಯೇ, ಚಿನ್ನದ ಬಣ್ಣದ ಲೋಹದ ಹಾಳೆಯಲ್ಲಿ ಅಚ್ಚು ಹಾಕಿದ ಕರ್ಪಗಾಂಬಾಳ್ ಅಮ್ಮನ ದೊಡ್ಡ ಪಟ ಅಂಟಿಸಿದ್ದರು. ಅವರ ಅನುಮತಿ ಕೇಳಿ, ಬಿಸಿ ಬಟ್ಟೆ ಒತ್ತಿ, ಪಟ ಮುಕ್ಕಾಗದ ಹಾಗೆ ಬಿಡಿಸಿ ನಡುಮಧ್ಯಕ್ಕೆ ತಂದು ಕೂರಿಸಿದೆ. ಮೈನಸ್ 70 ಇದ್ದದ್ದು 55ಕ್ಕೆ ಬಂತು. ಆ ಅರ್ಧ ಗಂಟೆ ನನಗೆ ಹಬ್ಬದಂತಿತ್ತು.

ಮೇಡಂ ಟ್ಯಾಬಿಗೆ ಅಂಥ ಪಟವೇನೂ ಇರಲಿಲ್ಲ. ತೆರೆಯಲೇಬೇಕು. ಕಿಟಕಿಯ ಪಕ್ಕ ಮೇಜು ಎಳೆದು ಫ್ಯಾನ್ ಆರಿಸಿದೆ; ಒಂದೂವರೆ ಮಿಲಿಮೀಟರಿನ ಸ್ಕ್ರೂ ಗಾಳಿಗೆ ಹಾರಿದರೆ ಮತ್ತೆ ಸಿಗುವುದಿಲ್ಲ. ಬಿಳಿ ಹಾಳೆಯ ಮೇಲೆ ಟ್ಯಾಬಿನ ಆಕಾರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನೂ ಅದು ಬಂದ ಜಾಗದಲ್ಲೇ ಇಡುವುದು ನನ್ನ ಪದ್ಧತಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡನ್ನೇ ತೂತು ಮಾಡೀತು. ಪ್ಲಾಸ್ಟಿಕ್ ಬೆನ್ನಿನ ಟ್ಯಾಬ್ ಆದ್ದರಿಂದ ಬಿಸಿ ಮಾಡಿ ಗಾಜು ಎಬ್ಬಿಸುವ ಪಾಡು ಇರಲಿಲ್ಲ. ಗಿಟಾರ್ ಮೀಟುವ ಪ್ಲಾಸ್ಟಿಕ್ ಬಿಲ್ಲೆಯನ್ನು ಅಂಚಿನ ಸೀಳಿಗೆ ತೂರಿಸಿ ಮೆಲ್ಲಗೆ ಸರಿಸಿದರೆ ಕೊಂಡಿಗಳು ಒಂದೊಂದಾಗಿ ಟಪ್ ಟಪ್ ಎಂದು ಬಿಡುತ್ತವೆ, ಹಲಸಿನ ತೊಳೆ ಬಿಡಿಸಿದ ಹಾಗೆ. ಬ್ಯಾಟರಿಯ ಕಡೆ ಮಾತ್ರ ಬಿಲ್ಲೆಯನ್ನು ಆಳಕ್ಕೆ ಬಿಡಬಾರದು. ಲಿಥಿಯಂ ಬ್ಯಾಟರಿಯ ತೆಳು ಚೀಲ ಹರಿದರೆ ಬೆಂಕಿಯೇ. ಒಳಗೆ ಹೋದೊಡನೆ ಮೊದಲ ಕೆಲಸ ಅದರ ಸಂಪರ್ಕ ತಪ್ಪಿಸುವುದು.

ಎಷ್ಟೋ ಟ್ಯಾಬುಗಳಲ್ಲಿ ಬೋರ್ಡಿನಿಂದ ಆಂಟೆನಾಗೆ ಕೂದಲಿನಂಥ ಕೇಬಲ್ ಹೋಗುತ್ತದೆ. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ದುಂಡನೆಯ ಲೋಹದ ಟೋಪಿ. ಬಿದ್ದ ಟ್ಯಾಬಿನಲ್ಲಿ ಅದು ಕಳಚಿಕೊಂಡಿದ್ದರೆ, ನೇರವಾಗಿ ಮೇಲಿಟ್ಟು ಒತ್ತಿದಾಗ ಬೆರಳ ತುದಿಗೆ ಮಾತ್ರ ಕೇಳುವ ಒಂದು ಸಣ್ಣ 'ಕ್ಲಿಕ್' ಇದೆಯಲ್ಲ, ಈ ಹವ್ಯಾಸದಲ್ಲಿ ನನಗೆ ಸಿಕ್ಕ ಸುಖಗಳಲ್ಲಿ ಅದಕ್ಕೆ ಎತ್ತರದ ಜಾಗ. ಆ ಟೋಪಿಯ ಆಯುಸ್ಸು ಹೆಚ್ಚೆಂದರೆ ಮೂವತ್ತು ಸಲ ಹಾಕಿ ತೆಗೆಯುವಷ್ಟು. ಹಾಗಾಗಿ ಸುಮ್ಮಸುಮ್ಮನೆ ಬಿಚ್ಚಿ ನೋಡುವ ಕೈ ನನಗೆ ಹಿಡಿಸುವುದಿಲ್ಲ.

ಈ ಟ್ಯಾಬಿನಲ್ಲಿ ಕೇಬಲ್ ಇರಲಿಲ್ಲ. ತಾಮ್ರದ ಪಟ್ಟಿ ಬೆನ್ನಿನ ಹೊದಿಕೆಯ ಒಳಮೈಯಲ್ಲಿತ್ತು. ಬೋರ್ಡಿನಿಂದ ಎರಡು ಸಣ್ಣ ಸ್ಪ್ರಿಂಗುಗಳು ತಲೆಯೆತ್ತಿ, ಹೊದಿಕೆ ಮುಚ್ಚಿದಾಗ ಪಟ್ಟಿಯನ್ನು ತಾಕುತ್ತವೆ. ಒಂದು ಸಿಗ್ನಲ್ಲಿಗೆ, ಇನ್ನೊಂದು ನೆಲಕ್ಕೆ. ಮೊದಲ ಸಲ ಇಂಥದ್ದನ್ನು ನೋಡಿದಾಗ ಪಟ್ಟಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು, ಅದು ಕೀಂ ಎಂದು ಕೂಗಿದ್ದನ್ನು ಕೇಳಿ, ಆಂಟೆನಾ ಶಾರ್ಟ್ ಆಗಿದೆ ಎಂದು ಎರಡು ದಿನ ಅದರ ಹಿಂದೆಯೇ ಅಲೆದಿದ್ದೆ. ಅದು ದೋಷವಲ್ಲ, ಆಂಟೆನಾದ ಸ್ವಭಾವ. ಎಫ್ ಅಕ್ಷರವನ್ನು ಮಲಗಿಸಿದ ಆಕಾರದ ಈ ಆಂಟೆನಾಗಳು ಒಂದು ಕಾಲನ್ನು ನೆಲಕ್ಕೇ ಊರಿರುತ್ತವೆ. ಮೀಟರಿನ ನೇರ ವಿದ್ಯುತ್ತಿಗೆ ಅದು ಬರೀ ತಂತಿಯ ತುಂಡು. ಸೆಕೆಂಡಿಗೆ 240 ಕೋಟಿ ಸಲ ಮಿಡಿಯುವ ಅಲೆಗೆ ಅದೇ ತುಂಡು ಪೂರಾ ಒಂದು ದಾರಿ. ಅದು ತಿಳಿದ ಸಂಜೆ ಚಿತ್ರಕುಳದ ಸುತ್ತ ಮೂರು ಸಲ ನಡೆದೆ, ಮನೆಗೆ ಹೋಗಲು ಮನಸ್ಸಾಗಲಿಲ್ಲ.

ಭೂತಗಾಜು ಹಿಡಿದು ನೋಡಿದೆ. ನೆಲದ ಸ್ಪ್ರಿಂಗ್ ಹೊಳೆಯುತ್ತಿತ್ತು. ಸಿಗ್ನಲ್ಲಿನ ಸ್ಪ್ರಿಂಗಿನ ಮೂಗಿನ ಮೇಲೆ ಹಿತ್ತಾಳೆ ಚೊಂಬಿನ ಕಂಠದಲ್ಲಿ ಕಟ್ಟುವಂಥ ಹಸಿರು ಕಿಲುಬು. ಸಾಂಥೋಮಿನ ಕಡಲು ಇಲ್ಲಿಗೆ ನಡಿಗೆಯ ದೂರ. ಮೇಡಂ ಟ್ಯಾಬ್ ಇಡುವುದು ಮೂಡಣ ಕಿಟಕಿಯ ಕಟ್ಟೆಯ ಮೇಲೆ. ಉಪ್ಪಿನ ತೇವ ಚಿನ್ನದ ತೆಳು ಲೇಪದ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಅಡಿಯ ತಾಮ್ರವನ್ನು ಮೇಲಕ್ಕೆ ಎಳೆದು ತರುತ್ತದೆ. ಸ್ಪ್ರಿಂಗ್ ಸ್ವಲ್ಪ ಕುಗ್ಗಿಯೂ ಇತ್ತು. ಪಟ್ಟಿಗೂ ಅದಕ್ಕೂ ನಡುವೆ ಉಳಿದದ್ದು ಕಿಲುಬಿನ ಪೊರೆ. ಅದನ್ನು ದಾಟಿಕೊಂಡು ಹೋಗುತ್ತಿದ್ದದ್ದು ಆ ಸಾವಿರದಲ್ಲೊಂದು ಪಾಲು.

ಇಂಥ ಕಡೆ ಪೆನ್ಸಿಲ್ ರಬ್ಬರು, ಉಪ್ಪುಕಾಗದ ಹಾಕಿ ಉಜ್ಜುವವರಿದ್ದಾರೆ. ಉಜ್ಜಿದ ದಿನ ಬೆಳ್ಳಗೆ ಹೊಳೆಯುತ್ತದೆ. ಉಳಿದಿದ್ದ ಚಿನ್ನವೂ ಹೋಗಿರುವುದರಿಂದ ಮುಂದಿನ ಮಳೆಗಾಲಕ್ಕೆ ಮತ್ತೆ ಹಸಿರು. ಬೋರ್ಡಿಗೆ ಬಿಸಿಗಾಳಿ ಹೊಡೆದು "ಸರಿಹೋಯ್ತು" ಎನ್ನುವುದಂತೂ ನನಗೆ ಕೋಪ ತರಿಸುತ್ತದೆ. ಸೀಸವಿಲ್ಲದ ಈಗಿನ ಬೆಸುಗೆ ಕರಗುವುದು 217 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಗೆ ಮುಟ್ಟದ ಬಿಸಿ ಬಿರುಕನ್ನು ಹದಿನೈದು ದಿನ ಮುಚ್ಚಿಡುತ್ತದೆ, ಅಷ್ಟೆ. ಚಿಪ್ಪೇ ಕೆಟ್ಟಿದ್ದರೆ ರಿಚ್ಚಿ ಸ್ಟ್ರೀಟಿಗೆ ಹೋಗಿ ಅದೇ ಮಾದರಿಯ ಸತ್ತ ಬೋರ್ಡ್ ಹುಡುಕಿ, ಚಿಪ್ಪನ್ನು ಎತ್ತಿ ಕೂರಿಸಬಲ್ಲ ಹುಡುಗರ ಮುಂದೆ ಕೂತು ನೋಡುವುದು ಬೇರೆಯೇ ಒಂದು ಭಾಗ್ಯ. ನನ್ನ ಕೈ ಇನ್ನೂ ಅಲ್ಲಿಗೆ ಏರಿಲ್ಲ.

ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆದು ಕುಂಚದಿಂದ ಸ್ಪ್ರಿಂಗನ್ನು ಹತ್ತಾರು ಸಲ ತೊಳೆದೆ. ದಪ್ಪ ಕಾಗದದ ಸಣ್ಣ ಪಟ್ಟಿಯನ್ನು ಅದೇ ದ್ರವದಲ್ಲಿ ಅದ್ದಿ ಸ್ಪ್ರಿಂಗಿನ ಮೂಗಿನ ಮೇಲೆ ಎಳೆದಾಗ ಕಾಗದಕ್ಕೆ ಹಸಿರು ಗೆರೆ ಬಂತು. ಎರಡನೆಯ ಪಟ್ಟಿಗೆ ತಿಳಿ ಹಸಿರು. ಐದನೆಯದು ಬಿಳಿ. ಇನ್ನು ಉಳಿದದ್ದು ಸ್ಪ್ರಿಂಗಿನ ತಲೆ ಎತ್ತುವುದು.

ಇಷ್ಟು ಹೊತ್ತೂ ಮೇಡಂ ಎದುರಿಗೆ ಕೂತು ನೋಡುತ್ತಿದ್ದರು. "ಎಷ್ಟು ಎತ್ತಬೇಕು?" ಎಂದು ಕೇಳಿದರು.

"ಒಂದು ಕೂದಲೆಳೆ. ಹೆಚ್ಚಾದರೆ ಮುರಿಯುತ್ತೆ. ಕಡಿಮೆಯಾದರೆ ತಾಕೋದಿಲ್ಲ."

"ಓ, ಜೀವಾಳ!" ಅಂದರು.

ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ, ಒಂದು ನೂಲಿನ ಎಳೆ ಇಡುತ್ತಾರೆ. ಅದನ್ನು ಅತ್ತ ಇತ್ತ ಸರಿಸುತ್ತ ಹೋದರೆ, ಯಾವುದೋ ಒಂದು ಜಾಗದಲ್ಲಿ, ಅಲ್ಲಿಯವರೆಗೆ ಮಂಕಾಗಿದ್ದ ತಂತಿ ಇದ್ದಕ್ಕಿದ್ದಂತೆ ಝೇಂಕರಿಸುತ್ತದೆ. ಆ ಎಳೆಗೆ ಜೀವಾಳ ಎಂದೇ ಹೆಸರು. ಇಪ್ಪತ್ತು ವರ್ಷದಿಂದ ಇಂಥ ಸ್ಪ್ರಿಂಗುಗಳನ್ನು ಎತ್ತಿದ್ದೇನೆ. ಇದಕ್ಕೆ ಕನ್ನಡದಲ್ಲಿ ಹೆಸರಿದೆ ಎಂದು ಗೊತ್ತಾದದ್ದು ಅವತ್ತು.

ಹೊಲಿಗೆ ಸೂಜಿಯ ತುದಿ ತೂರಿಸಿ, ಉಸಿರು ಹಿಡಿದು, ಎತ್ತಿದೆ. ಹೊದಿಕೆಯ ಪಟ್ಟಿಯನ್ನೂ ಒರೆಸಿ, ಬ್ಯಾಟರಿ ಜೋಡಿಸಿ, ಸುತ್ತಲೂ ಅಮುಕುತ್ತ ಬಂದೆ. ಕೊಂಡಿಗಳೆಲ್ಲ ಬಂದ ದಾರಿಯಲ್ಲೇ ಹಿಂದಿರುಗಿದವು. ಟ್ಯಾಬ್ ಎಚ್ಚರವಾಯಿತು. ಊಟದ ಮೇಜಿನ ಅದೇ ಜಾಗದಲ್ಲಿ ಇಟ್ಟು ಆಪ್ ತೆರೆದೆ. 50. ಸ್ವಲ್ಪ ಹೊತ್ತಿಗೆ 49.

ಮೇಡಂ ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ನಾನು ಕೆಳಗೆ ನಿಂತೆ. ಅವರು ತಮ್ಮ ಮನೆಯ ಹಜಾರದಿಂದ ಕೂಗಿದರು, "42!" ದೇವರ ಕೋಣೆಯಿಂದ, "55!" ಹಿಂದಿನ ಕೋಣೆಯ ಬಾಗಿಲು ಕಿರ್ರೆಂದ ಸದ್ದು. ತುಸು ಮೌನ. ಆಮೇಲೆ ಅಂಕಿಯೇನೂ ಬರಲಿಲ್ಲ. ತಂಬೂರಿಯ ಶ್ರುತಿ ಕೇಳಿಸಿತು, ಅದರ ಮೇಲೆ ಎಲ್ಲೋ ದೂರದ ಸಂಜೆಯಿಂದ ಮಗುವೊಂದು ಮಾಯಾಮಾಳವಗೌಳದಲ್ಲಿ ಸರಳೆ ಎತ್ತಿಕೊಂಡದ್ದು, ಎಲ್ಲೂ ತುಂಡಾಗದೆ.